ಮಗಳಿಗೊಂದು ಪತ್ರ: ಎರಡು ಕಾಲಿನ ಮುಕ್ಕಾಲಿ

ಪ್ರೀತಿಯ ಪುಟ್ಟಿ,

"ಅಮ್ಮಾ, ಆ ಶೆಡ್ಡಿನಲ್ಲಿರೋದನ್ನೆಲ್ಲ ಗುಜರಿಗೆ ಹಾಕು, ಅರ್ಧ ದಿನದ ಕೆಲಸ" ಅಂತ ನೀನು ಫೋನಿನಲ್ಲಿ ಹೇಳಿ ಇವತ್ತಿಗೆ ಹತ್ತು ದಿನ. ಬಾಗಿಲಿನಿಂದ ಕಿಟಕಿಯವರೆಗೆ ನೆಲ ಕಾಣಿಸುತ್ತಿದೆ, ಅಷ್ಟು ಸಾಧನೆ. ಮೂಲೆಯ ಕಪಾಟು ಇನ್ನೂ ಬಾಕಿ.

ನಿಮ್ಮಪ್ಪ ದಿನಕ್ಕೆರಡು ಸಲ ಬಾಗಿಲಲ್ಲಿ ನಿಂತು ಕೈಗೆ ಸಿಕ್ಕಿದ್ದನ್ನು ಎತ್ತಿ ಹಿಡಿದು "ಇದು ಬೇಕಾ?" ಅಂತಾರೆ. ಅವರು ಎತ್ತಿದ್ದೆಲ್ಲ ನನಗೆ ಬೇಕೇ ಬೇಕು. ಅವರು ಅತ್ತ ಹೋದ ಮೇಲೆ ನಾನೇ ಅದನ್ನು ಎಸೆಯುವ ರಾಶಿಗೆ ಹಾಕುತ್ತೇನೆ.

ಮೊದಲ ದಿನ ಎಲ್ಲವನ್ನೂ ಅಂಗಳಕ್ಕೆ ತಂದು ಜಾತಿವಾರು ಗುಡ್ಡೆ ಹಾಕಿದೆ. ಸ್ಕ್ರೂಡ್ರೈವರ್ ಒಂಬತ್ತು ಸಿಕ್ಕವು, ಅದರಲ್ಲಿ ಐದು ಒಂದೇ ಅಳತೆಯವು. ಸಾಮಾನು ಹೆಚ್ಚಾಗಿ ಬೇಕಾದದ್ದು ಸಿಗಲಿಲ್ಲ, ಸಿಗಲಿಲ್ಲವೆಂದು ಇನ್ನೊಂದು ತಂದೆ, ತಂದದ್ದರಿಂದ ಮತ್ತಷ್ಟು ಹೆಚ್ಚಾಯಿತು. ಅಳತೆಯ ಟೇಪು ನಾಲ್ಕು. ಯಾವುದನ್ನು ಇಟ್ಟುಕೊಳ್ಳುವುದು? ಉಕ್ಕಿನ ಸ್ಕೇಲಿನ ಪಕ್ಕ ಒಂದೊಂದನ್ನೇ ಹಿಡಿದು ನೋಡಿದೆ. ಟೇಪಿನ ತುದಿಯ ಕೊಕ್ಕೆ ಚೂರು ಅಲ್ಲಾಡುತ್ತದಲ್ಲ, ಅದು ಸಡಿಲವಾಗಿರುವುದಲ್ಲ. ಕೊಕ್ಕೆ ಎಷ್ಟು ದಪ್ಪವೋ ಅಷ್ಟೇ ಜರುಗಬೇಕೆಂದು ಬೇಕಂತಲೇ ಹಾಗೆ ಮಾಡಿರುತ್ತಾರೆ. ಅಂಚಿಗೆ ಸಿಕ್ಕಿಸಿ ಎಳೆದರೂ ಗೋಡೆಗೆ ಒತ್ತಿದರೂ ಲೆಕ್ಕ ಒಂದೇ ಬರಬೇಕು. ಎರಡು ಟೇಪುಗಳ ಕೊಕ್ಕೆ ಯಾವಾಗಲೋ ಬಿದ್ದು ಬಾಗಿತ್ತು, 2 ಮಿಲಿಮೀಟರ್ ಸುಳ್ಳು ಹೇಳುತ್ತಿದ್ದವು. ನಿನ್ನ ಪುಸ್ತಕದ ಶೆಲ್ಫು ಯಾಕೆ ಇವತ್ತಿಗೂ ಒಂದು ಕಡೆ ವಾಲುತ್ತದೆ ಎನ್ನುವುದಕ್ಕೆ ಕೊನೆಗೂ ಉತ್ತರ ಸಿಕ್ಕಿತು. ನನ್ನ ಕೈಯನ್ನೇ ಬೈದುಕೊಂಡಿದ್ದೆ.

ಅಪಾಯದ ಸಾಮಾನು ಎಸೆಯಲು ಮನಸ್ಸು ಅಳುಕುವುದಿಲ್ಲ. ಹೆದರಿಕೆ ಆಗುವುದು ಅದು ಇಷ್ಟು ದಿನ ಇಲ್ಲೇ ಇತ್ತಲ್ಲ ಅಂತ. ಬಾಗಿಲ ಹಿಂದಿನ ಡಬ್ಬದಲ್ಲಿ, ಮರಕ್ಕೆ ಅಗಸೆ ಎಣ್ಣೆ ಬಳಿದು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ತುರುಕಿಟ್ಟಿದ್ದೆ. ಆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಬಿಡಿಸಿ ಹರಡಿದ ಬಟ್ಟೆಯಾದರೆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆಯಾದರೆ ಒಳಗೇ ಕೂಡಿಕೊಂಡು, ಕಿಡಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ನನ್ನ ಬಟ್ಟೆಗಳು ಒಣಗಿ ಹಪ್ಪಳವಾಗಿದ್ದವು. ಅಂದರೆ ಹೊತ್ತಿಕೊಳ್ಳಬಹುದಾಗಿದ್ದ ರಾತ್ರಿಗಳನ್ನು ನಾವೆಲ್ಲ ಹಾಯಾಗಿ ಮಲಗಿ ಕಳೆದಿದ್ದೇವೆ. ನಿಮ್ಮಪ್ಪನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಗ್ರೈಂಡರಿನ ಕತ್ತರಿಸುವ ಡಿಸ್ಕುಗಳ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚೊತ್ತಿರುತ್ತಾರೆ, ಗಮನಿಸಿದ್ದೀಯಾ? ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ರಾಳ ಹಾಕಿ ಅಂಟಿಸಿದ ಡಿಸ್ಕು ಹಳೆಯದಾದರೆ, ತೇವ ಹೀರಿದರೆ, ಬಲ ಕಳೆದುಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ವಸ್ತು ಮುಖದ ಮುಂದೆ ಒಡೆದರೆ ಏನು ಗತಿ? ಬಿಡಿಸದೆ ಇಟ್ಟಿದ್ದವೂ ಸೇರಿ ಅವಧಿ ಮುಗಿದ ಆರು ಡಿಸ್ಕು ಹೋದವು. ಹೊಟ್ಟೆ ಉಬ್ಬಿದ ಡ್ರಿಲ್ಲಿನ ಬ್ಯಾಟರಿ ಇ-ತ್ಯಾಜ್ಯದವರಿಗೆ ಹೋಯಿತು, ಕಲ್ಲಾದ ಅಂಟಿನ ಬಾಟಲಿಗಳು ಕಸಕ್ಕೆ. ಟರ್ಪೆಂಟೈನ್ ಮಾತ್ರ ಎಸೆಯಲಿಲ್ಲ. ಬ್ರಷ್ ತೊಳೆದ ರಾಡಿ ನಾಲ್ಕು ದಿನ ಅಲ್ಲಾಡಿಸದೆ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಬಹುದು.

ಮೂರು ದಿನ ತಿಂದದ್ದು ನಟ್ಟು-ಬೋಲ್ಟಿನ ಡಬ್ಬ. ನಿನಗೆ ನೆನಪಿರಬೇಕು, ಚಿಕ್ಕವಳಿದ್ದಾಗ ಅದನ್ನು ಬೋರಲು ಹಾಕಿ ಆಡುತ್ತಿದ್ದೆ. ಅದರಲ್ಲಿ ಮಿಲಿಮೀಟರಿನದ್ದೂ ಇಂಚಿನದ್ದೂ ಬೆರೆತುಹೋಗಿವೆ. ಎಂ6 ಬೋಲ್ಟು 6 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ 1 ಮಿಲಿಮೀಟರ್ ಇಳಿಯುತ್ತದೆ. ಕಾಲಿಂಚಿನದ್ದು 6.35 ಮಿಲಿಮೀಟರ್, ಇಂಚಿಗೆ 20 ಸುತ್ತು. ಬರಿಗಣ್ಣಿಗೆ ಅಕ್ಕತಂಗಿಯರು. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಮೊದಲು ಹೋಗುವ ಹಾಗೆ ನಾಟಕ ಮಾಡಿ ಆಮೇಲೆ ಕಚ್ಚಿಕೊಳ್ಳುತ್ತದೆ, ಜೋರು ಮಾಡಿದರೆ ಎರಡರ ಥ್ರೆಡ್ಡೂ ಹಾಳು. ಎರಡು ಬೋಲ್ಟುಗಳನ್ನು ಹಲ್ಲಿಗೆ ಹಲ್ಲು ಸೇರಿಸಿ ಬೆಳಕಿಗೆ ಹಿಡಿದರೆ ಗುಟ್ಟು ರಟ್ಟಾಗುತ್ತದೆ: ಒಂದೇ ಜಾತಿಯಾದರೆ ಸಂದು ಕಾಣುವುದಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಥ್ರೆಡ್ಡುಗಳಿಗೆಲ್ಲ ಒಂದೇ ಕ್ರಮ ಇರಲಿ ಎಂದು ಅಳತೆ ಗೊತ್ತುಮಾಡಿದ. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಗೆ ಒಂದೊಂದು ಲೆಕ್ಕ. ನನ್ನ ಡಬ್ಬ ಇನ್ನೂ 1840ರಲ್ಲೇ ಇತ್ತು.

ಜೋಡಿ ಸಿಕ್ಕವು ಉಳಿದವು, ಒಂಟಿಗಳು ಹೋದವು. ಒಂದು ಹಿತ್ತಾಳೆಯ ಬಿಲ್ಲೆ, ನಡುವೆ ಚೌಕದ ತೂತು, ಯಾತರದ್ದೋ ಗೊತ್ತಿಲ್ಲ. ಅದು ಉಳಿಯಿತು. ಕಾರಣ ಕೇಳಬೇಡ.

ಅಜ್ಜನ ಚಾಣದ ವಿಷಯ ಹೇಳಬೇಕು. ನನ್ನಪ್ಪ ಅದನ್ನು ಎಷ್ಟು ಬಡಿದಿದ್ದರೆಂದರೆ, ತಲೆ ಅಣಬೆಯ ಹಾಗೆ ಹರಡಿ ಅಂಚು ಕೆಳಕ್ಕೆ ಮಡಚಿಕೊಂಡಿತ್ತು. ಅಂಥ ಅಂಚಿನ ಮೇಲೆ ಸುತ್ತಿಗೆ ಬಿದ್ದರೆ ಚಕ್ಕೆ ಸಿಡಿದು ಕಣ್ಣಿಗೆ ಹೊಡೆಯಬಹುದು, ಅರೆದು ತೆಗೆಯಲೇಬೇಕು. ಗೊತ್ತಿದ್ದೂ ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಆ ಅಂಚು ಅಷ್ಟೂ ಅವರ ಏಟು ತಾನೇ! ಮೂರನೇ ದಿನ ಬೆರಳಿಂದ ಸವರುತ್ತಿದ್ದಾಗ ಒಂದು ಕಡೆ ಉಗುರು ಇಳಿಯುವಷ್ಟು ಸೀಳು ಸಿಕ್ಕಿತು. ಅದರ ಪಕ್ಕದಲ್ಲೇ ಒಂದು ಚಕ್ಕೆ ಆಗಲೇ ಹಾರಿಹೋದ ಗುರುತು. ಯಾವತ್ತು ಹಾರಿತೋ, ಯಾರು ಎದುರಿಗೆ ಕೂತಿದ್ದರೋ. ಅವರು ಚಾಣ ಹಿಡಿದಾಗ ಎದುರಿಗೆ ಕೂರುತ್ತಿದ್ದವಳು ನಾನೇ. ಎದ್ದು ಕನ್ನಡಕ ಹಾಕಿಕೊಂಡು ಅರೆದುಬಿಟ್ಟೆ. ಈಗ ಅಂಚು ನೇರ, ಕೈಗೆ ಹಿತವಾಗಿ ಕೂರುತ್ತದೆ. ಅದು ನಿನಗೆ.

ಇನ್ನು ಆ ಮುಕ್ಕಾಲಿ. ಹನ್ನೊಂದು ವರ್ಷದಿಂದ ಅದಕ್ಕೆ ಎರಡೇ ಕಾಲು. ಮೂರನೆಯದು ಸೀಳಿತ್ತು, ಬೇರೆ ಕೊರೆಯುತ್ತೇನೆಂದು ಪಕ್ಕಕ್ಕಿಟ್ಟೆ. ಎಸೆಯುವ ರಾಶಿಯಿಂದ ನಾನು ವಾಪಸ್ ತಂದದ್ದು ಅದೊಂದನ್ನೇ, ಎರಡು ಸಲ. ಎರಡನೇ ಸಲ ಗೊತ್ತಾಯಿತು, ಅದನ್ನು ವಾಪಸ್ ತರಿಸಿದ್ದು ಮುಕ್ಕಾಲಿಯ ಆಸೆ ಅಲ್ಲ, 'ಬಿಡುವಾದಾಗ ಮಾಡುತ್ತೇನೆ' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆ. ಶೆಡ್ಡಿನ ಅರ್ಧ ಅಂಥ ಮಾತುಗಳಿಂದಲೇ ತುಂಬಿತ್ತು. ಬಿಡುವು ಬಂದು ನಾಲ್ಕು ವರ್ಷವಾಯಿತು, ಮಾಡಲಿಲ್ಲ. ಅಂದೇ ಬಿಚ್ಚಿದೆ. ಕೂರುವ ಹಲಗೆ ಉಳಿ ಮಸೆಯುವ ಕಲ್ಲಿಗೆ ಪೀಠವಾಯಿತು. ಕಾಲುಗಳಲ್ಲಿ ಒಂದು ಅರಕ್ಕೆ ಹಿಡಿ, ಇನ್ನೊಂದು ಸುಮ್ಮನೆ ಕೋಲು. ಆಮೇಲೆ ಉಳಿದ ಮರದ ತುಂಡುಗಳ ಲೆಕ್ಕ ಬೇಗ ಮುಗಿಯಿತು: ಗೇಣಿಗಿಂತ ಗಿಡ್ಡವಾದದ್ದೆಲ್ಲ ಸೌದೆ.

ಈಗ ಗೋಡೆಗೆ ಹಲಗೆ ಹೊಡೆದು ಒಂದೊಂದು ಹತಾರವನ್ನೂ ತೂಗುಹಾಕಿದ್ದೇನೆ. ಸುತ್ತ ಪೆನ್ಸಿಲಿನಿಂದ ಅದರ ಆಕಾರ ಬರೆದಿದ್ದೇನೆ, ಯಾವುದು ಜಾಗಕ್ಕೆ ಬಂದಿಲ್ಲವೋ ತಟ್ಟನೆ ಕಾಣುತ್ತದೆ. ಗರಗಸ, ಮೂಲೆಮಟ್ಟ, ಕೊಡತಿ, ಎರಡು ಉಳಿ, ಎಲ್ಲ ಹಾಜರು. ಒಂದು ಉದ್ದನೆಯ ಆಕಾರ ಮಾತ್ರ ಖಾಲಿ, ನೆನಪಿನಿಂದಲೇ ಬರೆದದ್ದು. ಮನೆ ಬದಲಿಸುವಾಗ ನೀನು ಎರವಲು ತೆಗೆದುಕೊಂಡು ಹೋದ ನನ್ನ ರಸಮಟ್ಟ. ಮುಂದಿನ ಸಲ ಬರುವಾಗ ತಾ. ನಿನಗೇ ಬೇಕೆಂದಿದ್ದರೆ ಹೇಳು, ಗೆರೆ ಅಳಿಸಿ ಅಲ್ಲಿ ಬೈರಿಗೆ ತೂಗುಹಾಕುತ್ತೇನೆ.

ನಿನ್ನ
ಅಮ್ಮ