ಹೇಳಿ ಬರೆಸಿದ ಹಾಡು

ಪ್ರೀತಿಯ ತಮ್ಮನಿಗೆ,

ದೀಪಾವಳಿ ವಿಶೇಷಾಂಕಕ್ಕೆ ಕಥೆ ಕೇಳಿದ ಸಂಪಾದಕರಿಗೆ ‘ಹೇಳಿ ಬರೆಸಿದ್ದರಲ್ಲಿ ಜೀವ ಇರುವುದಿಲ್ಲ’ ಎಂದೆಯಂತೆ. ಸಿನಿಮಾದವರು ಟ್ಯೂನ್ ಕೊಟ್ಟು ಬರೆಸಿಕೊಂಡ ಹಾಡನ್ನೇ ನೀನು ದಿನವಿಡೀ ಗುನುಗುತ್ತೀಯ, ಅದಿರಲಿ.

ನಟ ಟಾಮ್ ಹ್ಯಾಂಕ್ಸ್ ಬರೆದು ನಿರ್ದೇಶಿಸಿದ ‘ದಟ್ ಥಿಂಗ್ ಯು ಡು!’ ಸಿಕ್ಕರೆ ನೋಡು. 1996ರ ಸಿನಿಮಾ, ಕಥೆ ನಡೆಯುವುದು 1964ರಲ್ಲಿ, ಅಮೆರಿಕಕ್ಕೆ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹುಚ್ಚು ಹಿಡಿದ ವರ್ಷ. ಪೆನ್ಸಿಲ್ವೇನಿಯಾದ ಈರಿ ಊರಿನ ನಾಲ್ವರು ಹುಡುಗರ ಬ್ಯಾಂಡ್ ‘ದಿ ವಂಡರ್ಸ್’ ಒಂದೇ ಹಾಡಿನಿಂದ ದೇಶಕ್ಕೆಲ್ಲ ಗೊತ್ತಾಗಿ, ಅಷ್ಟೇ ಬೇಗ ಚದುರಿಹೋಗುತ್ತದೆ. ಹಾಡು ಬರೆದ ಜಿಮ್ಮಿ ನಿನಗೆ ಖಂಡಿತ ಇಷ್ಟವಾಗುತ್ತಾನೆ. ರೆಕಾರ್ಡ್ ಕಂಪನಿ ಹೇಳಿದ್ದನ್ನು ಹಾಡಲಾರೆ, ನನ್ನ ಹಾಡುಗಳೇ ಬೇಕು ಎಂದು ಹಟ ಹಿಡಿದು ಬಿಟ್ಟುಹೋಗುವವನು ಅವನೇ. ಅವನದು ಪೂರ್ತಿ ತಪ್ಪೆಂದು ನಾನೂ ಹೇಳಲಾರೆ.

ಆದರೆ ಜಿಮ್ಮಿಯದೆಂದು ನಾವು ಕೇಳುವ ಆ ಹಾಡು ಬಂದದ್ದು ಹೇಗೆ ಗೊತ್ತೆ? ಇಂಥದ್ದು ಬೇಕೆಂದು ಚಿತ್ರತಂಡ ಹಲವರನ್ನು ಕೇಳಿತ್ತು. ಅದರಲ್ಲಿ ಆಯ್ಕೆಯಾದದ್ದು ಇನ್ನೂ ಮೂವತ್ತು ದಾಟದ ಆಡಮ್ ಶ್ಲೆಸಿಂಜರ್ ಬರೆದದ್ದು. ಅವರ ಸ್ವಂತ ಬ್ಯಾಂಡ್ ‘ಫೌಂಟನ್ಸ್ ಆಫ್ ವೇಯ್ನ್’ನ ಮೊದಲ ಆಲ್ಬಂ ಹೊರಬಂದದ್ದೂ 1996ರಲ್ಲೇ. ಕಟ್ಟುಪಾಡು ಒಂದೆರಡಲ್ಲ. ಹಾಡು 1964ರದೇ ಅನ್ನಿಸಬೇಕು. ಸಣ್ಣ ಊರಿನ ಹುಡುಗರು ಕಟ್ಟಿದ್ದೆಂದು ನಂಬಬೇಕು. ಹಿಟ್ ಆಯಿತು ಎಂದಾಗ ಯಾರೂ ನಗಬಾರದು. ಎಲ್ಲಕ್ಕಿಂತ ಕಷ್ಟದ್ದು, ಸಿನಿಮಾದುದ್ದಕ್ಕೂ ಮತ್ತೆ ಮತ್ತೆ ಬಂದರೂ ಬೇಸರ ತರಿಸಬಾರದು. ಶ್ಲೆಸಿಂಜರ್ ಮೂರು ನಿಮಿಷದೊಳಗೆ ಕೆಲಸ ಮುಗಿಸಿದ್ದಾರೆ. ಉದ್ದನೆಯ ಪೀಠಿಕೆ ಇಲ್ಲ, ಬಾಯಿ ತೆರೆದ ಮೊದಲ ಸಾಲಲ್ಲೇ ಸಿನಿಮಾದ ಹೆಸರೇ ಆದ ಶೀರ್ಷಿಕೆ ಬಂದುಬಿಡುತ್ತದೆ. ಮಾತು ಎದೆಯೊಡೆದ ಹುಡುಗನದು, ಟ್ಯೂನ್ ಮಾತ್ರ ಕುಣಿಯುವಂಥದ್ದು.

ಆ ಎಳೆದಾಟದಿಂದಲೇ ಸಿನಿಮಾದ ಅತ್ಯುತ್ತಮ ದೃಶ್ಯ ಹುಟ್ಟುತ್ತದೆ. ಜಿಮ್ಮಿ ಹಾಡನ್ನು ನಿಧಾನದ ವಿರಹಗೀತೆಯಾಗಿ ಕಟ್ಟಿರುತ್ತಾನೆ. ಡ್ರಮ್ಮರ್ ಕೈ ಮುರಿದುಕೊಂಡದ್ದರಿಂದ, ಅಪ್ಪನ ಅಂಗಡಿಯಲ್ಲಿ ಫ್ರಿಜ್ಜು ರೇಡಿಯೊ ಮಾರುವ ಗೈ ಎಂಬ ಹುಡುಗ ಬದಲಿಗೆ ಬರುತ್ತಾನೆ. ಕಾಲೇಜಿನ ಸ್ಪರ್ಧೆಯಲ್ಲಿ ಅವನು ಏಕಾಏಕಿ ಜೋರು ಲಯ ಹಿಡಿಯುತ್ತಾನೆ. ಮೆಲ್ಲಗೆ ಬಾರಿಸು ಎಂದರೂ ಕೇಳುವುದಿಲ್ಲ, ಉಳಿದವರು ಬೇರೆ ದಾರಿಯಿಲ್ಲದೆ ಅವನ ಹಿಂದೆ ಓಡುತ್ತಾರೆ. ಸಭಾಂಗಣ ಎದ್ದು ಕುಣಿಯುತ್ತದೆ. ಜಿಮ್ಮಿಯ ಮುಖ ನೋಡಬೇಕು ಆಗ! ನಿನ್ನ ಹಳೆಯ ಕಥೆಗಳಲ್ಲಿ ಮೊದಲ ಎರಡು ಪುಟ ಹೊಡೆದುಹಾಕಿ ನೋಡು ಎಂದಾಗ ನೀನು ಮಾಡಿದ ಮುಖವೂ ಅದೇ.

ಹೇಳಿ ಬರೆಸಿದ ಆ ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಇಲ್ಲದ ಬ್ಯಾಂಡಿನ ಹೆಸರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 41ನೇ ಸ್ಥಾನದವರೆಗೂ ಏರಿತು. ಶ್ಲೆಸಿಂಜರ್ ಆಮೇಲೂ ಟಿವಿಗೆ, ರಂಗಭೂಮಿಗೆ ಬೇಕಾದ ಅಳತೆಗೆ ಬರೆದುಕೊಡುತ್ತಲೇ ಇದ್ದರು. 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ ಅವರಿಗೆ ಬರೀ 52.

ಸಂಪಾದಕರು ಬೇಜಾರು ಮಾಡಿಕೊಂಡಿಲ್ಲ, ನಾನು ಮಾತಾಡಿದ್ದೇನೆ. ಫೋನ್ ಮಾಡಿ ಎಷ್ಟು ಪದ, ಯಾವತ್ತಿಗೆ ಬೇಕು ಕೇಳಿಕೊ. ಕಥೆಯಲ್ಲಿ ಹಣತೆ, ಪಟಾಕಿ ಇರಲೇಬೇಕೇ ಅಂತಲೂ ಕೇಳು. ಬೇಡ ಅಂದರೆ ಆ ಬಸ್ ಡಿಪೊ ಕಥೆ ಇದೆಯಲ್ಲ, ಅದನ್ನೇ ತೆಗಿ.

ನಿನ್ನ ಅಣ್ಣ