ರತ್ನಗಂಧಿಯ ಬೀಜ

ಪ್ರೀತಿಯ ತಂಗಿ,

ಹುಳು, ಹೂಗಳ ಚಿತ್ರ ಬರೆದ ಜರ್ಮನ್ ಕಲಾವಿದೆ ಮರಿಯಾ ಸಿಬಿಲ್ಲಾ ಮೆರಿಯನ್ ಬಗ್ಗೆ ನೀನು ಬರೆದ ಜೀವನಕಥೆ ಓದಿದೆ. ಜೊತೆಗಿದ್ದ ಚೀಟಿಯನ್ನೂ. ಮನೆಯವರು ನಗ್ತಾರೆ, ಬರೆಯೋದೇ ಬೇಡ ಅನ್ನಿಸ್ತಿದೆ ಅಂದಿದ್ದೀಯ. ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನ ಕಬ್ಬಿನ ತೋಟದ ಯಜಮಾನರೂ ಮೆರಿಯನ್‌ಳನ್ನು ನೋಡಿ ನಗುತ್ತಿದ್ದರು, ಸಕ್ಕರೆ ಬಿಟ್ಟು ಬೇರೇನೋ ಹುಡುಕ್ತಾಳೆ ಅಂತ. ಪ್ರಕಾಶಕರು ಯಾರು, ಪುಟ ಎಷ್ಟಿರಬೇಕು ಅಂತ ನೀನು ಕೇಳಿದ್ದೆಲ್ಲ ಆಮೇಲಿನ ಮಾತು, ಬಿಡು.

ಮೊದಲ ಅಧ್ಯಾಯ ಚೆನ್ನಾಗಿದೆ. 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ನೋಡುತ್ತಿದ್ದ ಫ್ರಾಂಕ್‌ಫರ್ಟಿನ ಹುಡುಗಿ ಕಣ್ಣಿಗೆ ಕಟ್ಟುತ್ತಾಳೆ. ನ್ಯೂರೆಂಬರ್ಗಿನಲ್ಲಿ ಹೆಣ್ಣುಮಕ್ಕಳಿಗೆ ಹೂವಿನ ಚಿತ್ರ ಕಲಿಸಿದ ಭಾಗವೂ ಹಿಡಿಸಿತು. ಆಮೇಲೆ ಏನಾಯ್ತು ನಿನಗೆ? 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳು ಡೊರೊಥಿಯಾ ಜೊತೆ ಆಕೆ ಸುರಿನಾಮ್‌ಗೆ ಹಡಗು ಹತ್ತಿದ್ದೇ ತಡ, 'ಧೀರೆ', 'ಅಪ್ರತಿಮ ಸಾಧಕಿ' ಶುರು. ಹೊಗಳಿಕೆಯ ಮರೆಯಲ್ಲಿ ಆಕೆ ಕಾಣಿಸುವುದೇ ಇಲ್ಲ.

ಸುರಿನಾಮ್‌ನ ಕೀಟಗಳ ಬಗ್ಗೆ 1705ರಲ್ಲಿ ಬಂದ ಅವಳ ಪುಸ್ತಕದ 60 ಚಿತ್ರಗಳಲ್ಲಿ ನಮ್ಮ ರತ್ನಗಂಧಿಯೂ ಇದೆ ಅಲ್ವಾ? ಹೂವಿನಿಂದ ಉದ್ದಕ್ಕೆ ಚಾಚಿದ ಕೇಸರಗಳು, ಗಿಡದ ಮೇಲೆ ಹಸಿರು ಹುಳು, ಅದೇ ಹುಳುವಿಗೆ ರೆಕ್ಕೆ ಬಂದ ಪತಂಗ. ಪಕ್ಕದ ಬರಹವನ್ನು ಓದಿದೆಯಾ? ಡಚ್ ಯಜಮಾನರ ಹಿಂಸೆ ತಾಳಲಾರದ ಗುಲಾಮ ಹೆಂಗಸರು, ಮಕ್ಕಳೂ ಗುಲಾಮರಾಗಬಾರದು ಅಂತ, ಈ ಬೀಜ ತಿಂದು ಬಸಿರು ಇಳಿಸಿಕೊಳ್ಳುತ್ತಿದ್ದರು. ಅವರೇ ನನಗೆ ಹೇಳಿದರು ಅಂತ ಮೆರಿಯನ್ ಬರೆದಿದ್ದಾಳೆ. ನೀನು ಅದನ್ನು 'ಔಷಧೀಯ ಸಸ್ಯ' ಅಂತ ಎರಡು ಪದದಲ್ಲಿ ಮುಗಿಸಿದ್ದೀಯ. ಅಲ್ಲಿ ನನಗೆ ಸಿಟ್ಟು ಬಂತು.

ಆ ಹೆಂಗಸರ ಹೆಸರನ್ನು ಅವಳು ಬರೆಯಲಿಲ್ಲ. ಅವಳ ಕೆಲಸಕ್ಕೂ ಗುಲಾಮರಿದ್ದರು. ಅದನ್ನೂ ಬರೆ. ಅವಳ ಮೇಲಿನ ಪ್ರೀತಿಗೆ ಮುಚ್ಚಿಡಬೇಡ.

ನಾನು ಇದನ್ನು ಸುಮ್ನೆ ಹೇಳ್ತಿಲ್ಲ. ಬಹಳ ಹಿಂದೆ ಒಂದು ಪತ್ರಿಕೆಗೆ ಬೇಲಿಗಿಡಗಳ ಬಗ್ಗೆ ಬರೆದೆ. ಅರ್ಧ ವಿಷಯ ನಮ್ಮ ತೋಟದಲ್ಲಿ ಕಳೆ ಕೀಳಲು ಬರುತ್ತಿದ್ದ ಅಜ್ಜಿಯದು. ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ, ನನ್ನ ಮೂಗಿಗೆ ಹಿಡಿದು ಕಲಿಸಿದ್ದಳು. ನಾನು 'ಹಿರಿಯರು ಹೇಳುತ್ತಾರೆ' ಅಂತ ಬರೆದೆ. ಎಲ್ಲರೂ ಬೆನ್ನು ತಟ್ಟಿದರು. ಪತ್ರಿಕೆ ಹಿಡಿದು ಅವಳ ಮನೆಗೆ ಹೋಗಬೇಕು ಅಂದುಕೊಂಡೆ, ಹೋಗಲಿಲ್ಲ. ಮುಂದಿನ ಮಳೆಗಾಲಕ್ಕೆ ಅವಳು ಇರಲಿಲ್ಲ.

ಹಸ್ತಪ್ರತಿ ವಾಪಸ್ ಕಳಿಸ್ತಿದ್ದೇನೆ. ಹೊಗಳಿಕೆ ಇದ್ದ ಕಡೆ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ದೇನೆ, ಬೇಜಾರಾಗಬೇಡ. ದಸರಾ ರಜೆಗೆ ಇಲ್ಲಿಗೇ ಬಾ. ನಮ್ಮ ಬೇಲಿಯ ರತ್ನಗಂಧಿ ಹೂಬಿಟ್ಟಿರುತ್ತೆ. ಪಕ್ಕದಲ್ಲೇ ಕುರ್ಚಿ ಹಾಕಿಕೊಡ್ತೀನಿ, ಆ ಅಧ್ಯಾಯವನ್ನು ಅಲ್ಲೇ ಕೂತು ಬರೆ.

ನಿನ್ನ ಅಕ್ಕ