ಸೂಳೆಕೆರೆಯಲ್ಲಿ ಸಿಕ್ಕ ಅಣ್ಣನಿಗೆ ಥ್ಯಾಂಕ್ಸ್

ಸೂಳೆಕೆರೆ ದಡದಲ್ಲಿ ನಮ್ಮ ಮೋಟಾರ್ ದೋಣಿ ರಿಪೇರಿ ಮಾಡಿಕೊಟ್ಟ ಅಣ್ಣ, ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ. ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಏರುತ್ತಿರಲಿಲ್ಲ. ಅಂಗಡಿಯವರಂತೂ ಹೊಸ ಬ್ಯಾಟರಿ ಹಾಕಿಸಿ ಅಂದಿದ್ದರು. ಅವರಿಗೇನು, ವ್ಯಾಪಾರ ಅಲ್ವಾ!

ನೀವು ಮೀಟರ್ ಹಿಡಿದಿರಿ. ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಹತ್ತಿರ 14.2 ವೋಲ್ಟ್, ಬ್ಯಾಟರಿಯಲ್ಲಿ ಬರೀ 12.4. "ಕರೆಂಟ್ ಹುಟ್ತಾ ಇದೆ, ಬಂದು ಮುಟ್ತಾ ಇಲ್ಲ" ಅಂದು ವೈರ್ ಉದ್ದಕ್ಕೂ ಕೈಯಾಡಿಸಿದಿರಿ. ನೆಗೆಟಿವ್ ವೈರಿನ ಲಗ್ (ತುದಿಗೆ ಒತ್ತಿ ಕೂರಿಸಿದ ಲೋಹದ ಕೊಂಡಿ) ಹೊರಗೆ ಫಳಫಳ, ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಕೊಳೆತ ತುದಿ ಕತ್ತರಿಸಿ, ಹೊಸ ಲಗ್ ಒತ್ತಿ, ಮೇಲೆ ವ್ಯಾಸಲೀನ್ ಸವರಿದಿರಿ. ಬ್ಯಾಟರಿಯಲ್ಲೂ 14 ದಾಟಿತು.

ದುಡ್ಡು ಬೇಡ, ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ಸಾಕು ಅಂದಿರಿ. ಅದರಲ್ಲೂ ಅರ್ಧ ನಮ್ಮ ಹುಡುಗನಿಗೇ ಹೋಯಿತು. ಚನ್ನಗಿರಿ ಕಡೆ ಬಂದರೆ ಮನೆಗೆ ಬನ್ನಿ ಅಣ್ಣ, ಊಟ ಬಾಕಿ ಇದೆ.